ಹೆಸರಿನ ಒಡೆತನ ಮತ್ತು ಗಡಿಯಾಚೆಯ ನ್ಯಾಯ

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಅಂಕಿತವೆಂಬ ಮಾತು ಹೊಸದಲ್ಲ. ಕೀರ್ತನೆಯ ಕೊನೆಯಲ್ಲಿ ಪುರಂದರವಿಠಲ ಎಂದು ಕೇಳಿದೊಡನೆ ಅದು ಯಾರ ರಚನೆಯೆಂಬುದು ತಿಳಿಯುತ್ತದೆ. ವಚನವೊಂದು ಚೆನ್ನಮಲ್ಲಿಕಾರ್ಜುನನನ್ನು ಕರೆದು ಮುಗಿದರೆ ಅಕ್ಕನ ದನಿ ಗುರುತಾಗುತ್ತದೆ. ದಾಸಪರಂಪರೆಯಲ್ಲಿ ಅಂಕಿತವನ್ನು ಗುರುವಿನಿಂದ ಪಡೆಯುವುದು ರೂಢಿ. ಒಬ್ಬರ ಅಂಕಿತದಲ್ಲಿ ಮತ್ತೊಬ್ಬರ ರಚನೆ ಸೇರಿಹೋದಾಗ ಅದನ್ನು ಬೇರ್ಪಡಿಸಲು ಗ್ರಂಥಸಂಪಾದಕರು ಪಟ್ಟ ಪಾಡು ಅಷ್ಟಿಷ್ಟಲ್ಲ. ಇಂಥ ಪ್ರಕ್ಷೇಪದಿಂದ ಮೂಲಕರ್ತೃವಿಗೆ ಆಗುವ ಅನ್ಯಾಯ ಒಂದು. ನಂಬಿ ಓದಿದವನಿಗೆ ಆಗುವ ಮೋಸ ಇನ್ನೊಂದು.

ವ್ಯಾಪಾರಮುದ್ರೆಯ ಹಿಂದಿರುವ ತತ್ತ್ವವೂ ಮೂಲತಃ ಇದೇ. ಸರಕಿನ ಮೇಲಿನ ಹೆಸರು ಅದನ್ನು ತಯಾರಿಸಿದವನ ಅಂಕಿತ. ಕೊಳ್ಳುವವನು ಕಾರ್ಖಾನೆಯನ್ನು ಕಂಡವನಲ್ಲ, ಮಾಲಿಕನನ್ನು ಬಲ್ಲವನಲ್ಲ. ಅವನಿಗೆ ಗೊತ್ತಿರುವುದು ಹೆಸರೊಂದೇ. ಆ ಹೆಸರನ್ನು ಬೇರೊಬ್ಬ ಕದ್ದರೆ ದುಡಿದವನ ಕೀರ್ತಿಯೂ ಹೋಗುತ್ತದೆ, ಕೊಂಡವನ ವಿಶ್ವಾಸವೂ ಕೆಡುತ್ತದೆ. ಒಂದೇ ಪೇಟೆಯೊಳಗೆ, ಒಂದೇ ದೇಶದೊಳಗೆ ಈ ತತ್ತ್ವವನ್ನು ಅನ್ವಯಿಸುವುದು ಅಷ್ಟೊಂದು ಕಷ್ಟವಲ್ಲ. ಆದರೆ ಒಂದು ದೇಶದಲ್ಲಿ ಹುಟ್ಟಿ ಬೆಳೆದ ಹೆಸರನ್ನು ಮತ್ತೊಂದು ದೇಶದಲ್ಲಿ ಬೇರೊಬ್ಬರು ಬಳಸುತ್ತಿದ್ದು, ಮೊದಲಿನವರು ಹಲವು ವರ್ಷಗಳ ಮೇಲೆ ಅಲ್ಲಿಗೆ ಬಂದು ‘ಇದು ನಮ್ಮದು’ ಎಂದರೆ ಆ ಹೆಸರಿಗೆ ಒಡೆಯರು ಯಾರು? ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಒಂದು ಬಗೆಯದು. ನೀತಿ ಕೇಳುವ ಉತ್ತರ ಯಾವಾಗಲೂ ಅದೇ ಆಗಿರುವುದಿಲ್ಲ.

ಅಂತರರಾಷ್ಟ್ರೀಯ ಕಾನೂನಿನಲ್ಲಿ ಈ ವಿಷಯಕ್ಕೆ ದೀರ್ಘವಾದ ಇತಿಹಾಸವಿದೆ. 1883ರ ಪ್ಯಾರಿಸ್ ಒಪ್ಪಂದ ಕೈಗಾರಿಕಾ ಸ್ವಾಮ್ಯದ ಹಕ್ಕುಗಳನ್ನು ದೇಶದೇಶಗಳ ನಡುವೆ ಪರಸ್ಪರ ಮನ್ನಿಸುವ ವ್ಯವಸ್ಥೆಯನ್ನು ಹುಟ್ಟುಹಾಕಿತು. 1925ರಲ್ಲಿ ಹೇಗ್ ನಗರದಲ್ಲಿ ಅದನ್ನು ಪರಿಷ್ಕರಿಸಿದಾಗ, ಒಂದು ದೇಶದಲ್ಲಿ ಸುಪ್ರಸಿದ್ಧವಾಗಿರುವ ಮುದ್ರೆಯನ್ನು ಅಲ್ಲಿ ನೋಂದಾಯಿಸದಿದ್ದರೂ ರಕ್ಷಿಸಬೇಕೆಂಬ ವಿಧಿ ಸೇರಿತು. ಭಾರತದಲ್ಲಿ ಮೊದಲ ಅಖಿಲ ಭಾರತ ಕಾಯಿದೆ ಬಂದದ್ದು 1940ರಲ್ಲಿ. ಅನಂತರ 1958ರ ಕಾಯಿದೆ, ಆಮೇಲೆ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ 1999ರ ಕಾಯಿದೆ. ಭಾರತ ಪ್ಯಾರಿಸ್ ಒಪ್ಪಂದವನ್ನು ಸೇರಿದ್ದು 1998ರಲ್ಲಿ. ಒಂದೇ ಅರ್ಜಿಯ ಮೂಲಕ ಹಲವು ದೇಶಗಳಲ್ಲಿ ನೋಂದಣಿ ಕೋರುವ ಮ್ಯಾಡ್ರಿಡ್ ವ್ಯವಸ್ಥೆಯನ್ನು ಒಪ್ಪಿಕೊಂಡದ್ದು 2013ರಲ್ಲಿ. ಈ ಎಲ್ಲ ಬೆಳವಣಿಗೆಗಳ ನಡುವೆಯೂ ಒಂದು ಮೂಲಭೂತ ತತ್ತ್ವ ಉಳಿದುಕೊಂಡಿದೆ: ಹೆಸರಿನ ಹಕ್ಕು ಆಯಾ ದೇಶದ ಗಡಿಗೆ ಸೀಮಿತವಾದದ್ದು. ಹೆಸರಿನ ಕೀರ್ತಿ ಮಾತ್ರ ಗಡಿಯನ್ನು ಲೆಕ್ಕಿಸುವುದಿಲ್ಲ. ವಿವಾದಗಳೆಲ್ಲ ಹುಟ್ಟುವುದು ಈ ಎರಡರ ನಡುವಣ ತೆರವಿನಲ್ಲಿ.

ಭಾರತದ ಮಟ್ಟಿಗೆ ಈ ಚರ್ಚೆಗೆ ತಳಹದಿ ಹಾಕಿದ್ದು ವರ್ಲ್‌ಪೂಲ್ ಪ್ರಕರಣ. ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಈ ಅಮೆರಿಕನ್ ಸಂಸ್ಥೆ ತನ್ನ ಮುದ್ರೆಯನ್ನು ಭಾರತದಲ್ಲಿ 1950ರ ದಶಕದಲ್ಲಿಯೇ ನೋಂದಾಯಿಸಿತ್ತು. ಆಮದಿನ ಮೇಲಿನ ನಿರ್ಬಂಧಗಳ ಕಾಲದಲ್ಲಿ ನೋಂದಣಿಯನ್ನು ನವೀಕರಿಸದೆ 1977ರಲ್ಲಿ ಅದು ರದ್ದಾಯಿತು. 1986ರಲ್ಲಿ ಭಾರತೀಯ ಅರ್ಜಿದಾರರು ಅದೇ ಹೆಸರಿಗಾಗಿ ಅರ್ಜಿ ಹಾಕಿದರು. ಮುಂದೆ ಅದೇ ಹೆಸರಿನ ಯಂತ್ರಗಳು ಮಾರುಕಟ್ಟೆಗೆ ಬಂದವು. ಮೂಲ ಸಂಸ್ಥೆ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ತಡೆಯಾಜ್ಞೆ ಪಡೆಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಲ್ಲಿನ ಅಂಗಡಿಗಳಲ್ಲಿ ಸರಕು ಸಿಗದಿದ್ದರೂ ಭಾರತದಲ್ಲಿ ಪ್ರಸಾರವಿದ್ದ ವಿದೇಶಿ ಪತ್ರಿಕೆಗಳ ಜಾಹೀರಾತುಗಳ ಮೂಲಕ ಹೆಸರಿನ ಕೀರ್ತಿ ಗಡಿ ದಾಟಿ ಬಂದಿತ್ತೆಂಬುದನ್ನು ನ್ಯಾಯಾಲಯ ಒಪ್ಪಿತು. ಅಷ್ಟೇ ಮುಖ್ಯವಾದ ಮತ್ತೊಂದು ಮಾತೂ ಆ ತೀರ್ಪಿನಲ್ಲಿದೆ: ಈ ಹೆಸರನ್ನೇ ಏಕೆ ಆರಿಸಿಕೊಂಡರೆಂಬುದಕ್ಕೆ ಭಾರತೀಯ ಪಕ್ಷದವರು ನಂಬಲರ್ಹವಾದ ಕಾರಣವನ್ನು ಕೊಡಲಿಲ್ಲ. ಆ ಹೆಸರಿಲ್ಲದೆಯೂ ಅವರು ತಮ್ಮ ಯಂತ್ರಗಳನ್ನು ಮಾರಬಹುದಾಗಿತ್ತು. ಸ್ವದೇಶಿ ಸಂಸ್ಥೆ ಸೋತಿತೆಂಬ ಒಂದೇ ಕಾರಣಕ್ಕೆ ಈ ತೀರ್ಪಿನಲ್ಲಿ ಅನ್ಯಾಯವನ್ನು ಕಾಣಲಾಗದು. ಪರರು ಬೆಳೆಸಿದ ಹೆಸರನ್ನು ಅವರ ಅನುಪಸ್ಥಿತಿಯಲ್ಲಿ ಎತ್ತಿಕೊಳ್ಳುವುದು, ಮಾಲಿಕ ಊರಲ್ಲಿಲ್ಲದಾಗ ಅವನ ಗದ್ದೆಯ ಬೆಳೆಯನ್ನು ಕೊಯ್ದ ಹಾಗೆ.

ಎರಡು ದಶಕಗಳ ಬಳಿಕ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಬಂದಿತು. ಜಪಾನಿನ ಟೊಯೋಟಾ ಸಂಸ್ಥೆ 1997ರಲ್ಲಿ ತನ್ನ ದೇಶದಲ್ಲಿ ಪ್ರಿಯಸ್ ಎಂಬ ಕಾರನ್ನು ಬಿಡುಗಡೆ ಮಾಡಿತು. ಭಾರತದ ಮಾರುಕಟ್ಟೆಗೆ ಅದನ್ನು ತಂದದ್ದು 2010ರಲ್ಲಿ. ಈ ನಡುವೆ, 2001ರಿಂದಲೇ, ದೆಹಲಿಯ ಪ್ರಿಯಸ್ ಆಟೋ ಇಂಡಸ್ಟ್ರೀಸ್ ಎಂಬ ಸಣ್ಣ ಸಂಸ್ಥೆ ಅದೇ ಹೆಸರಿನಲ್ಲಿ ವಾಹನಗಳ ಬಿಡಿಭಾಗಗಳನ್ನು ತಯಾರಿಸಿ ಮಾರುತ್ತಿತ್ತು. ಮುದ್ರೆಯನ್ನು ನೋಂದಾಯಿಸಿಯೂ ಇತ್ತು. ಕ್ರೋಮ್ ಲೇಪಿತ ಅಲಂಕಾರಿಕ ಭಾಗಗಳನ್ನು ತಯಾರಿಸುವ ತಮ್ಮ ‘ಪೆಹಲಾ ಪ್ರಯಾಸ್’, ಅಂದರೆ ಮೊದಲ ಪ್ರಯತ್ನ, ಎಂಬ ಭಾವನೆಯಿಂದ ನಿಘಂಟು ನೋಡಿ ಈ ಹೆಸರನ್ನು ಆರಿಸಿಕೊಂಡದ್ದಾಗಿ ಅವರು ಹೇಳಿಕೊಂಡರು. 2009ರಲ್ಲಿ ಟೊಯೋಟಾ ದಾವೆ ಹೂಡಿತು. 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಟೊಯೋಟಾದ ಪರವಾಗಿ ತೀರ್ಪಿತ್ತು 10 ಲಕ್ಷ ರೂಪಾಯಿಗಳ ದಂಡರೂಪದ ಪರಿಹಾರವನ್ನೂ ವಿಧಿಸಿತು. ವಿಭಾಗೀಯ ಪೀಠ ಪ್ರಿಯಸ್ ಹೆಸರಿನ ಮಟ್ಟಿಗೆ ಅದನ್ನು ತಿರುಗಿಸಿತು. 2017ರ ಡಿಸೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯ ವಿಭಾಗೀಯ ಪೀಠದ ನಿಲುವನ್ನೇ ಒಪ್ಪಿತು. ಜಗತ್ತಿನಲ್ಲಿ ಯಾರು ಮೊದಲಿಗರೆಂಬುದಷ್ಟೇ ಸಾಲದು. ವಿವಾದದ ಮುದ್ರೆ ಬಳಕೆಗೆ ಬಂದ ಕಾಲದಲ್ಲಿ ಭಾರತದ ಗ್ರಾಹಕರ ನಡುವೆ ಮೂಲ ಹೆಸರಿಗೆ ಗಣನೀಯವಾದ ಕೀರ್ತಿಯಿತ್ತೆಂಬುದನ್ನು ಸಾಕ್ಷ್ಯದಿಂದ ತೋರಿಸಬೇಕು ಎಂಬುದು ಆ ತೀರ್ಪಿನ ಸಾರ. ದಾವೆ ಹೂಡುವಲ್ಲಿ ಆದ ವಿಳಂಬವನ್ನೂ ನ್ಯಾಯಾಲಯ ಗಮನಿಸಿತು.

ಈ ಎರಡು ತೀರ್ಪುಗಳು ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಒಂದರಲ್ಲಿ ವಿದೇಶಿ ಸಂಸ್ಥೆ ಗೆದ್ದಿದೆ, ಮತ್ತೊಂದರಲ್ಲಿ ದೇಶೀಯ ಸಂಸ್ಥೆ. ಆದರೆ ಎರಡರಲ್ಲಿಯೂ ಕೇಳಿದ ಪ್ರಶ್ನೆ ಒಂದೇ: ಇಲ್ಲಿನ ಗ್ರಾಹಕ ಆ ಹೆಸರನ್ನು ಅಂದು ಯಾರದೆಂದು ತಿಳಿದಿದ್ದ? ಇದು ಸರಿಯಾದ ಪ್ರಶ್ನೆ. ಕಣ್ಣ ಮುಂದೆ ಇರಬೇಕಾದವನು ಗ್ರಾಹಕನೇ ಹೊರತು ಸಂಸ್ಥೆಯ ಗಾತ್ರವಲ್ಲ, ಅದರ ಧ್ವಜವೂ ಅಲ್ಲ. ಕಣ್ಣಿನ ಔಷಧಿಯೊಂದರ ಹೆಸರನ್ನು ಕುರಿತ ಮಿಲ್ಮೆಟ್ ಆಫ್ಥೊ ಮತ್ತು ಅಲರ್ಗನ್ ಪ್ರಕರಣದಲ್ಲಿ, 2004ರಲ್ಲಿ, ಸರ್ವೋಚ್ಚ ನ್ಯಾಯಾಲಯ ಈ ಸಮತೋಲವನ್ನು ಸ್ಪಷ್ಟವಾಗಿಯೇ ಸೂಚಿಸಿತ್ತು. ಔಷಧಿಗಳ ವಿಷಯದಲ್ಲಿ ಜಗತ್ತಿನ ಮಾರುಕಟ್ಟೆಗೆ ಮೊದಲು ಬಂದವರಿಗೆ ಮನ್ನಣೆಯಿರಬೇಕೆನ್ನುತ್ತಲೇ, ಭಾರತಕ್ಕೆ ಬರುವ ಉದ್ದೇಶವೇ ಇಲ್ಲದ ಬಹುರಾಷ್ಟ್ರೀಯ ಸಂಸ್ಥೆಗಳು ಪ್ರಾಮಾಣಿಕವಾಗಿ ಹೆಸರನ್ನು ಇಟ್ಟುಕೊಂಡು ಸರಕನ್ನು ಬೆಳೆಸಿದ ಭಾರತೀಯ ಸಂಸ್ಥೆಯ ಕತ್ತು ಹಿಸುಕಲು ಅವಕಾಶವಿರಬಾರದೆಂದು ಅದು ಎಚ್ಚರಿಸಿತು.

ಪರರ ತಪ್ಪನ್ನು ತೂಗುವ ತಕ್ಕಡಿಯಲ್ಲಿಯೇ ತಮ್ಮವರನ್ನೂ ತೂಗಬೇಕಾಗುತ್ತದೆ. ಕರ್ನಾಟಕದ ಮಟ್ಟಿಗೆ ಇದಕ್ಕೆ ಒದಗುವ ನಿದರ್ಶನ ಪೀಟರ್ ಸ್ಕಾಟ್ ಪ್ರಕರಣ. ಬೆಂಗಳೂರಿನ ಖೋಡೆ ಸಂಸ್ಥೆ 1968ರಿಂದ ಈ ಹೆಸರಿನಲ್ಲಿ ವಿಸ್ಕಿ ತಯಾರಿಸಿತು. ‘ಸ್ಕಾಚ್’ ಎಂಬುದು ಸ್ಕಾಟ್ಲೆಂಡಿನ ವಿಸ್ಕಿಗೆ ಮಾತ್ರ ಸಲ್ಲುವ ಹೆಸರು. ‘ಸ್ಕಾಟ್’ ಎಂಬ ಪದ ಅದೇ ಮೂಲವನ್ನು ಸೂಚಿಸಿ ಗ್ರಾಹಕನನ್ನು ದಾರಿ ತಪ್ಪಿಸುತ್ತದೆ ಎಂಬುದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ನಿನ ಆಕ್ಷೇಪ. ಹೆಸರನ್ನು ಸೂಚಿಸಿದ ಅಂದಿನ ನೌಕರನ ಹೆಸರೇ ಪೀಟರ್, ಆತನ ತಂದೆ ಸ್ಕಾಟ್ಲೆಂಡಿನವರು ಎಂಬ ವಿವರಣೆಯನ್ನು ಬೆಂಗಳೂರಿನ ಸಂಸ್ಥೆ ನೀಡಿತು. ನೋಂದಣಿ ಅಧಿಕಾರಿಯೂ ಮದರಾಸು ಉಚ್ಚ ನ್ಯಾಯಾಲಯವೂ ಅಸೋಸಿಯೇಷನ್ನಿನ ವಾದವನ್ನು ಒಪ್ಪಿದರು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಅಸೋಸಿಯೇಷನ್ನಿಗೆ ಈ ಹೆಸರಿನ ಸಂಗತಿ 1974ರಲ್ಲಿಯೇ ತಿಳಿದಿತ್ತು. ಅದು ಅರ್ಜಿ ಹಾಕಿದ್ದು 1986ರಲ್ಲಿ. ಹನ್ನೆರಡು ವರ್ಷ ಸುಮ್ಮನಿದ್ದವರು ಆಮೇಲೆ ಹಕ್ಕು ಕೇಳಲಾಗದು ಎಂಬುದು ಒಂದು ಕಾರಣ. ಸ್ಕಾಚ್ ಕೊಳ್ಳುವವರು ಓದುಬರಹ ಬಲ್ಲ ಅನುಕೂಲಸ್ಥರು, ಅವರು ಸುಲಭವಾಗಿ ಮೋಸಹೋಗುವುದಿಲ್ಲ ಎಂಬುದು ಇನ್ನೊಂದು.

ವಿಳಂಬದ ಕಾರಣ ನ್ಯಾಯಸಮ್ಮತವಾದದ್ದು. ನೋಡುತ್ತ ಸುಮ್ಮನಿದ್ದು, ಎದುರಿನವನು ಬಂಡವಾಳ ಹೂಡಿ ಬೆಳೆದ ಮೇಲೆ ಹೊಡೆಯುವುದು ಯಾವ ದೇಶದವರಿಗೂ ಶೋಭಿಸದು. ಆದರೆ ಎರಡನೆಯ ಕಾರಣ ನೀತಿಯ ದೃಷ್ಟಿಯಿಂದ ಅಷ್ಟು ಸಮಾಧಾನಕರವಲ್ಲ. ಕೊಳ್ಳುವವನು ಜಾಣನೆಂಬುದು ಮಾರುವವನ ಹೊಣೆಯನ್ನು ಕಡಿಮೆ ಮಾಡಬಾರದು. ಹೆಸರಿನ ಆಯ್ಕೆಗೆ ಕೊಟ್ಟ ವಿವರಣೆ ನಿಜವೇ ಇರಬಹುದು. ಆದರೂ ಆ ಹೆಸರಿಗೆ ದೂರದ ಸ್ಕಾಟ್ಲೆಂಡಿನ ಮೆರುಗು ಅಂಟಿಕೊಂಡಿರಲಿಲ್ಲವೇ ಎಂಬ ಪ್ರಶ್ನೆಯನ್ನು ಕನ್ನಡಿಗನು ಕೇಳಿಕೊಳ್ಳದಿದ್ದರೆ, ನಾಳೆ ಹೊರದೇಶದಲ್ಲಿ ಯಾರೋ ಮೈಸೂರಿನ ಹೆಸರಿಟ್ಟು ರೇಷ್ಮೆ ಮಾರಿದಾಗ ಆಕ್ಷೇಪಿಸುವ ನೈತಿಕ ಬಲ ಅವನಿಗೆ ಉಳಿಯದು. ನ್ಯಾಯಾಲಯದಲ್ಲಿ ಗೆದ್ದದ್ದೆಲ್ಲ ನೀತಿಯಲ್ಲಿಯೂ ಗೆದ್ದಂತೆ ಎಂದು ತಿಳಿಯಬೇಕಾಗಿಲ್ಲ.

ಮೈಸೂರು ರೇಷ್ಮೆ, ನಂಜನಗೂಡಿನ ರಸಬಾಳೆ, ಉಡುಪಿಯ ಮಟ್ಟು ಗುಳ್ಳ ಇವುಗಳಿಗೆ ಇಂದು ಭೌಗೋಳಿಕ ಸೂಚಿಯ ರಕ್ಷಣೆಯಿದೆ. ಇದೇ ಬಗೆಯ ರಕ್ಷಣೆ ಪಡೆದ ಹೆಸರುಗಳಲ್ಲಿ ಡಾರ್ಜಿಲಿಂಗ್ ಚಹಾ ಭಾರತದಲ್ಲಿ ಮೊದಲನೆಯದು. ಆದರೆ ದೇಶದ ಗಡಿ ದಾಟಿದೊಡನೆ ಆ ರಕ್ಷಣೆ ತೆಳುವಾಗುತ್ತದೆ. ಫ್ರಾನ್ಸಿನ ಒಂದು ಸಂಸ್ಥೆ ಒಳಉಡುಪುಗಳಿಗೆ ಡಾರ್ಜಿಲಿಂಗ್ ಎಂಬ ಹೆಸರನ್ನು ಯೂರೋಪಿನಲ್ಲಿ ನೋಂದಾಯಿಸಲು ಹೊರಟಾಗ ಭಾರತದ ಚಹಾ ಮಂಡಳಿ ವಿರೋಧಿಸಿತು. 2017ರಲ್ಲಿ ಯೂರೋಪಿನ ನ್ಯಾಯಾಲಯ, ಮಂಡಳಿ ಅಲ್ಲಿ ನೋಂದಾಯಿಸಿದ್ದ ಸಾಮೂಹಿಕ ಮುದ್ರೆಯ ಕೆಲಸ ಸದಸ್ಯರ ಸರಕನ್ನು ಗುರುತಿಸುವುದೇ ಹೊರತು ಊರನ್ನು ಗುರುತಿಸುವುದಲ್ಲವೆಂದಿತು. ಗ್ರಾಹಕರಿಗೆ ಗೊಂದಲವಾಗುತ್ತದೆಂಬ ಮಂಡಳಿಯ ವಾದ ನಿಲ್ಲಲಿಲ್ಲ. ಚಹಾ ಎಲ್ಲಿ, ಉಡುಪು ಎಲ್ಲಿ ಎಂಬ ತರ್ಕ ಕಾನೂನಿಗೆ ಸಾಕಾಗಬಹುದು. ಆದರೆ ಆ ಹೆಸರಿಗೆ ಮೋಹಕತೆ ಬಂದದ್ದು ಬೆಟ್ಟದ ಇಳಿಜಾರುಗಳಲ್ಲಿ ತಲೆಮಾರುಗಳಿಂದ ಎಲೆ ಕೊಯ್ದ ಹೆಂಗಸರ ಕೈಯಿಂದ. ಆ ಮೋಹಕತೆಯ ಬೆಲೆಯಲ್ಲಿ ಅವರಿಗೆ ಪಾಲಿಲ್ಲ. ಬಾಸ್ಮತಿ ಅಕ್ಕಿಯ ಕಥೆ ಇನ್ನೂ ತೊಡಕಿನದು. ಅಮೆರಿಕದ ಟೆಕ್ಸಾಸಿನ ಸಂಸ್ಥೆಯೊಂದು 1997ರಲ್ಲಿ ಬಾಸ್ಮತಿ ಅಕ್ಕಿಯ ತಳಿಗಳ ಮೇಲೆ ಪೇಟೆಂಟ್ ಪಡೆದಾಗ ಭಾರತದಲ್ಲಿ ಎದ್ದ ಪ್ರತಿಭಟನೆ ನ್ಯಾಯವಾದದ್ದೇ. ಆ ಪೇಟೆಂಟಿನ ಬಹುಪಾಲು ಹಕ್ಕುಗಳು ಮುಂದೆ ಬಿದ್ದುಹೋದವು. ಆದರೆ 2018ರಲ್ಲಿ ಭಾರತ ಯೂರೋಪಿನ ಒಕ್ಕೂಟದಲ್ಲಿ ಬಾಸ್ಮತಿ ಹೆಸರಿಗೆ ರಕ್ಷಣೆ ಕೋರಿದಾಗ ಆಕ್ಷೇಪಿಸಿದ್ದು ಪಾಕಿಸ್ತಾನ. ಗಡಿಯ ಎರಡೂ ಕಡೆಯ ಪಂಜಾಬಿನ ರೈತರು ಬೆಳೆದ ಅಕ್ಕಿಗೆ 1947ರಲ್ಲಿ ಎಳೆದ ಗೆರೆ ಹೇಗೆ ಒಡೆಯನನ್ನು ಗೊತ್ತುಮಾಡೀತು?

ದೊಡ್ಡವರು ಮತ್ತು ಸಣ್ಣವರ ನಡುವಣ ವ್ಯಾಜ್ಯಗಳಲ್ಲಿ ಮತ್ತೊಂದು ಅಂಶ ಸೇರುತ್ತದೆ. ಕ್ವಾಲಾಲಂಪುರದಲ್ಲಿ 1999ರಲ್ಲಿ ಆರಂಭವಾದ ಮೆಕ್‌ಕರಿ ಎಂಬ ಉಪಾಹಾರ ಗೃಹದ ಮೇಲೆ ಮೆಕ್‌ಡೊನಾಲ್ಡ್ಸ್ ಸಂಸ್ಥೆ 2001ರಲ್ಲಿ ದಾವೆ ಹೂಡಿತು. ‘ಮಲೇಷಿಯನ್ ಚಿಕನ್ ಕರಿ’ ಎಂಬುದರ ಹ್ರಸ್ವರೂಪವೇ ತಮ್ಮ ಹೆಸರೆಂದು ಅಲ್ಲಿನವರು ಹೇಳಿದರು. 2006ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಸೋತು, 2009ರಲ್ಲಿ ಮೇಲ್ಮನವಿಯಲ್ಲಿ ಗೆದ್ದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿಯೂ ಅವರು ಉಳಿದುಕೊಂಡರು. ಐರ್ಲೆಂಡಿನಲ್ಲಿ 1978ರಲ್ಲಿ ಹುಟ್ಟಿದ ಸೂಪರ್‌ಮ್ಯಾಕ್ಸ್ ಎಂಬ ಸಂಸ್ಥೆಯೂ ಅದೇ ಎದುರಾಳಿಯೊಡನೆ ಸೆಣಸಿತು. ‘ಬಿಗ್ ಮ್ಯಾಕ್’ ಹೆಸರನ್ನು ಐದು ವರ್ಷಗಳ ಕಾಲ ಕೋಳಿಮಾಂಸದ ಸ್ಯಾಂಡ್‌ವಿಚ್‌ಗಳಿಗೆ ನಿಜವಾಗಿ ಬಳಸಿದ್ದಕ್ಕೆ ಪುರಾವೆಯಿಲ್ಲವೆಂದು ಯೂರೋಪಿನ ಜನರಲ್ ಕೋರ್ಟ್ ತೀರ್ಪಿತ್ತದ್ದು 2024ರ ಜೂನ್‌ನಲ್ಲಿ. ಈ ಎರಡು ಉದಾಹರಣೆಗಳಲ್ಲಿ ಸಣ್ಣವರು ಗೆದ್ದದ್ದು ಸಂತೋಷದ ವಿಷಯವೆನ್ನಬಹುದು. ಆದರೆ ಎಂಟು ವರ್ಷ ವಕೀಲರಿಗೆ ದುಡ್ಡು ಸುರಿಯುವ ಶಕ್ತಿಯಿಲ್ಲದೆ, ಮೊದಲ ನೋಟಿಸಿಗೇ ಹೆದರಿ ಬೋರ್ಡನ್ನು ಇಳಿಸಿದವರ ಹೆಸರು ಯಾವ ತೀರ್ಪಿನ ವರದಿಯಲ್ಲಿಯೂ ದಾಖಲಾಗುವುದಿಲ್ಲ. ಹಕ್ಕು ಎಷ್ಟರಮಟ್ಟಿಗೆ ನ್ಯಾಯವಾದದ್ದೆಂಬುದನ್ನು ಪರೀಕ್ಷಿಸುವ ಮೊದಲೇ ಹಣದ ಬಲ ತೀರ್ಪು ಕೊಟ್ಟುಬಿಡುತ್ತದೆ. ಆಧಾರವಿಲ್ಲದ ಬೆದರಿಕೆಯ ವಿರುದ್ಧ ದಾವೆ ಹೂಡಲು 1999ರ ಕಾಯಿದೆಯ 142ನೆಯ ಕಲಮಿನಲ್ಲಿ ಅವಕಾಶವಿದೆ. ಆದರೆ ನೋಂದಾಯಿತ ಒಡೆಯ ತಡವಿಲ್ಲದೆ ತಾನೇ ದಾವೆ ಹೂಡಿದರೆ ಆ ಅವಕಾಶ ಮುಚ್ಚಿಹೋಗುತ್ತದೆ.

ಹಾಗಾದರೆ ನೀತಿಯ ಅಳತೆಗೋಲು ಯಾವುದು? ಮೊದಲನೆಯದಾಗಿ, ಹೆಸರನ್ನು ಆರಿಸಿಕೊಂಡ ಬಗೆಯನ್ನು ಪ್ರಾಮಾಣಿಕವಾಗಿ ವಿವರಿಸುವ ಹೊಣೆ ಬಳಸುವವನ ಮೇಲಿರಬೇಕು. ಅಂತರಜಾಲದ ಈ ಕಾಲದಲ್ಲಿ ಜಗತ್ತಿನ ಯಾವ ಮೂಲೆಯ ಹೆಸರೂ ಯಾರಿಗೂ ತಿಳಿಯದ್ದಲ್ಲ, ಆದ್ದರಿಂದ ದೇಶಸೀಮಿತ ತತ್ತ್ವ ನಕಲುಗಾರರಿಗೆ ರಕ್ಷೆಯಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಪರಿಹಾರ ಗಡಿಯನ್ನು ಅಳಿಸುವುದಲ್ಲ, ಪ್ರಾಮಾಣಿಕತೆಯ ಪರೀಕ್ಷೆಯನ್ನು ಬಿಗಿಗೊಳಿಸುವುದು. ಎರಡನೆಯದಾಗಿ, ಹಕ್ಕುಳ್ಳವನು ಹಕ್ಕನ್ನು ಕಾಲದಲ್ಲಿ ಕೇಳಬೇಕು. ಮೂರನೆಯದಾಗಿ, ಭಾಷೆಯ ಸಾಮಾನ್ಯ ಪದಗಳಿಗೆ ಪೂರ್ಣ ಒಡೆತನ ಯಾರಿಗೂ ಸಲ್ಲದು. ಕರ್ನಾಟಕ ಹಾಲು ಮಹಾಮಂಡಳದ ‘ನಂದಿನಿ’ 1985ರದು. ಬೆಂಗಳೂರಿನ ನಂದಿನಿ ಡೀಲಕ್ಸ್ ಉಪಾಹಾರ ಗೃಹ 1989ರದು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ, ನಂದಿನಿಯೆಂಬುದು ಪುರಾಣಪ್ರಸಿದ್ಧವಾದ ಗೋವಿನ ಮತ್ತು ದೇವಿಯ ಹೆಸರು, ಯಾರೂ ಸೃಷ್ಟಿಸಿದ ಪದವಲ್ಲ ಎಂದು ಗಮನಿಸಿ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದವುಗಳಿಗೆ ಉಪಾಹಾರ ಗೃಹದ ನೋಂದಣಿಯನ್ನು ಮಾನ್ಯಮಾಡಿತು. ಮುಂಬಯಿಯ ಕನ್ನಡಿಗರಿಗೆ ಈ ತತ್ತ್ವ ಅನುಭವದಿಂದಲೇ ತಿಳಿದದ್ದು. ಮಾಟುಂಗಾದಲ್ಲಿ 1942ರಲ್ಲಿ ಆರಂಭವಾದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರಿನಲ್ಲಿಯೂ ಉಡುಪಿ ಇದೆ. ನಗರದ ಬೀದಿಬೀದಿಗಳ ಹೋಟೆಲುಗಳ ಫಲಕಗಳಲ್ಲಿಯೂ ಉಡುಪಿ ಇದೆ. ಆ ಊರಿನ ಹೆಸರನ್ನು ಯಾರಾದರೊಬ್ಬರು ತಮ್ಮದೇ ಸ್ವತ್ತಾಗಿಸಿಕೊಂಡಿದ್ದರೆ, ಊರು ಬಿಟ್ಟು ಬಂದು ಲೋಟ ತೊಳೆದು ಮೇಲೆ ಬಂದ ಅದೆಷ್ಟೋ ಮಂದಿಗೆ ಬದುಕು ಕಟ್ಟಿಕೊಳ್ಳುವ ದಾರಿಯೇ ಇಕ್ಕಟ್ಟಾಗುತ್ತಿತ್ತು.

ನಾಲ್ಕನೆಯದಾಗಿ, ಪರಿಹಾರ ತಪ್ಪಿನ ಪ್ರಮಾಣದಲ್ಲಿರಬೇಕು. ಇಬ್ಬರೂ ಪ್ರಾಮಾಣಿಕರಾಗಿರುವಲ್ಲಿ ಒಬ್ಬನನ್ನು ಅಳಿಸುವುದಕ್ಕಿಂತ ಇಬ್ಬರನ್ನೂ ಬೇರೆಬೇರೆಯಾಗಿ ಗುರುತಿಸುವ ದಾರಿ ಹುಡುಕುವುದು ಲೇಸು. ಕೇರಳದ ರಸ್ತೆ ಸಾರಿಗೆ ನಿಗಮ 1965ರಿಂದಲೂ, ಕರ್ನಾಟಕದ ನಿಗಮ ರಾಜ್ಯದ ಹೆಸರು ಬದಲಾದ 1973ರಿಂದಲೂ ಕೆ.ಎಸ್.ಆರ್.ಟಿ.ಸಿ. ಎಂಬ ಒಂದೇ ಅಕ್ಷರಗುಚ್ಛವನ್ನು ಬಳಸುತ್ತ ಬಂದವು. ಎರಡು ರಾಜ್ಯಗಳ ಹೆಸರಿನ ಮೊದಲಕ್ಷರ ಒಂದೇ ಆದದ್ದು ಯಾರ ಕಪಟವೂ ಅಲ್ಲ. ಆದರೂ ವ್ಯಾಜ್ಯ ವರ್ಷಗಟ್ಟಲೆ ನಡೆದು, 2023ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಕೇರಳದ ಅರ್ಜಿಯನ್ನು ವಜಾಮಾಡಿತು. ಈ ಎಲ್ಲ ಕಾಲದಲ್ಲಿ ಎರಡೂ ನಿಗಮಗಳ ಬಸ್ಸುಗಳು ಕಾಸರಗೋಡು–ಮಂಗಳೂರಿನ ಹೆದ್ದಾರಿಯಲ್ಲಿ ಓಡುತ್ತಲೇ ಇದ್ದವು. ಪ್ರಯಾಣಿಕನು ಬಣ್ಣವನ್ನೂ ಬೋರ್ಡಿನ ಲಿಪಿಯನ್ನೂ ನೋಡಿ ಹತ್ತುತ್ತಲೇ ಇದ್ದ. ಗ್ರಾಹಕ ಗೊಂದಲಕ್ಕೊಳಗಾಗದೆ ಇರುವಲ್ಲಿ ಒಡೆಯರ ಜಗಳಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಈ ಪ್ರಕರಣ ನೆನಪಿಸುತ್ತದೆ.

ಕನ್ನಡ ಅಧ್ಯಯನಕ್ಕೂ ಈ ವಿಷಯಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ನೇರವಾದದ್ದು. ಭಾರತದ ಟ್ರೇಡ್‌ಮಾರ್ಕ್ ನಿಯಮಗಳ ಪ್ರಕಾರ ಅರ್ಜಿ ಮತ್ತು ದಾಖಲೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಮುದ್ರೆಯಲ್ಲಿ ಬೇರೆ ಭಾಷೆಯ ಪದವಿದ್ದರೆ ಅದರ ಲಿಪ್ಯಂತರವನ್ನೂ ಅನುವಾದವನ್ನೂ ಸಲ್ಲಿಸಬೇಕು. ಒಂದು ಕನ್ನಡ ಪದ ಆಡುಮಾತಿನ ಸಾಮಾನ್ಯ ಪದವೋ, ಊರಿನ ಹೆಸರೋ, ದೈವದ ಹೆಸರೋ, ಹೊಸದಾಗಿ ಕಟ್ಟಿದ್ದೋ ಎಂಬುದನ್ನು ಹೇಳಬಲ್ಲವನು ಭಾಷೆಯನ್ನು ಬಲ್ಲವನೇ. ಅಮಾಯಕವೆಂದು ತೋರುವ ಒಂದು ಅನುವಾದದಿಂದ ಜನತೆಯ ಸ್ವತ್ತಾದ ಪದವೊಂದು ಒಂದು ಸಂಸ್ಥೆಯ ಖಾಸಗಿ ಆಸ್ತಿಯಾಗಬಹುದು; ಸರಿಯಾದ ಟಿಪ್ಪಣಿಯೊಂದು ಅದನ್ನು ತಡೆಯಬಹುದು. ನಿಘಂಟು, ಸ್ಥಳನಾಮ, ವೃತ್ತಿಪದಗಳ ಅಧ್ಯಯನಕ್ಕೆ ಇಂಥದೊಂದು ಪ್ರಯೋಜನವೂ ಉಂಟೆಂಬುದನ್ನು ಹೊರನಾಡಿನ ಕನ್ನಡ ವಿಭಾಗಗಳು ಗಮನಿಸಬೇಕು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಸಣ್ಣ ಉದ್ಯಮ ನಡೆಸುವ ಕನ್ನಡಿಗನಿಗೆ ತನ್ನದಲ್ಲದ ಭಾಷೆಯಲ್ಲಿ ನೋಟಿಸು ಬಂದಾಗ, ಅದರ ಅರ್ಥವನ್ನೂ ಅವನ ಹಕ್ಕನ್ನೂ ಕನ್ನಡದಲ್ಲಿ ತಿಳಿಸಿಕೊಡುವ ಪುಸ್ತಕಗಳು ಬರಬೇಕು.

ಕದ್ದ ಹೆಸರು ಕದ್ದವನಿಗೆ ಬಹುಕಾಲ ಒದಗದು. ಕಿತ್ತುಕೊಂಡ ಹೆಸರು ಕಿತ್ತುಕೊಂಡವನಿಗೆ ಗೌರವ ತರದು. ಹೆಸರನ್ನು ಪ್ರಾಮಾಣಿಕವಾಗಿ ದುಡಿದು ಬೆಳೆಸಿದವನು ಅಮೆರಿಕದವನಿರಲಿ, ದೆಹಲಿಯವನಿರಲಿ, ಬೆಂಗಳೂರಿನವನಿರಲಿ, ಅವನ ಹಕ್ಕಿನ ತೂಕ ಒಂದೇ. ಆ ಹೆಸರನ್ನು ನಂಬಿ ಕೊಂಡವನ ಹಕ್ಕು ಎಲ್ಲಕ್ಕಿಂತ ಮೊದಲನೆಯದು. ಗಡಿಯಾಚೆಗಿನ ವ್ಯಾಜ್ಯಗಳಲ್ಲಿ ಈ ಕ್ರಮವನ್ನು ಮರೆಯದೆ ನಡೆದುಕೊಂಡರೆ ಕಾನೂನಿಗೂ ನೀತಿಗೂ ನಡುವಣ ಅಂತರ ಕಡಿಮೆಯಾದೀತು.